ನೀರೆಳೆಯುವ ಮದ್ದು

ಹಲಸಿನಕಾಯಿ ಬಲಿತು ಇನ್ನೂ ಹಣ್ಣಾಗದ ದಿನಗಳಲ್ಲಿ ನಮ್ಮ ಕಡೆಯ ಮನೆಗಳಲ್ಲಿ ಉಪ್ಪುಸೊಳೆ ಹಾಕುವುದು ವಾಡಿಕೆ. ತುಳುವಿನಲ್ಲಿ ಇದಕ್ಕೆ ಉಪ್ಪಡ್ ಪಚ್ಚಿಲ್ ಎನ್ನುತ್ತಾರೆ. ಬೇಳೆ ತೆಗೆದ ಸೊಳೆಗಳನ್ನು ಭರಣಿಯಲ್ಲಿ ಒಂದು ಪದರ ಹರಡಿ ಮೇಲೆ ಕಲ್ಲುಪ್ಪು ಉದುರಿಸುವುದು, ಮತ್ತೊಂದು ಪದರ, ಮತ್ತೆ ಉಪ್ಪು. ಕೊನೆಗೆ ಬಾಳೆಯೆಲೆ ಮುಚ್ಚಿ ಒಂದು ಕಲ್ಲು ಹೇರುವುದು. ಭರಣಿಗೆ ಯಾರೂ ಒಂದು ತೊಟ್ಟು ನೀರು ಹೊಯ್ಯುವುದಿಲ್ಲ. ಆದರೂ ಎರಡು ದಿನ ಕಳೆದು ನೋಡಿದರೆ ಸೊಳೆಗಳು ಬಾಡಿ ಕೆಳಗಿಳಿದಿರುತ್ತವೆ, ಅವುಗಳ ಮೇಲೆ ನೀರು ನಿಂತಿರುತ್ತದೆ. ಆ ನೀರು ಬಂದದ್ದು ಸೊಳೆಯ ಒಳಗಿನಿಂದ. ತೆಳುವಾದ ಒಂದು ಪೊರೆಯ ಆಚೆ ಈಚೆ ಎರಡು ದ್ರವಗಳಿದ್ದು, ನೀರು ದಾಟಬಲ್ಲ ಆ ಪೊರೆಯನ್ನು ಉಪ್ಪು ಸುಲಭವಾಗಿ ದಾಟಲಾರದಿದ್ದರೆ, ಉಪ್ಪು ಹೆಚ್ಚಿರುವ ಕಡೆಗೆ ನೀರು ತಾನಾಗಿ ಹರಿಯುತ್ತದೆ. ಶಾಲೆಯಲ್ಲಿ ಇದಕ್ಕೆ ಆಸ್ಮಾಸಿಸ್ ಎಂದು ಹೆಸರು ಹೇಳಿಕೊಟ್ಟಿದ್ದರು. ಹೆಸರು ತಿಳಿಯದ ನಮ್ಮ ಅಜ್ಜಿಯಂದಿರು ಅದರಿಂದ ಮಳೆಗಾಲದ ಉಂಡಲಕಾಳಿಗೂ ರೊಟ್ಟಿಗೂ ದಾರಿ ಮಾಡಿಕೊಂಡಿದ್ದರು.

ಇದೇ ಉಪಾಯವನ್ನು ಮನುಷ್ಯನ ತಲೆಯೊಳಗೂ ಕಣ್ಣಿನೊಳಗೂ ಮಾಡಿ ಜೀವ ಉಳಿಸುತ್ತಾರೆ, ದೃಷ್ಟಿ ಉಳಿಸುತ್ತಾರೆ ಎಂಬುದನ್ನು ನಾನು ತಿಳಿದದ್ದು ಪುಸ್ತಕದಿಂದಲ್ಲ. ನಾನು ವೈದ್ಯನಲ್ಲ, ಬಿ.ಎ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿದವನು. ಆದರೆ ನಮ್ಮ ಕುಟುಂಬದಲ್ಲಿ ಎಂಟು ವರ್ಷಗಳ ಅಂತರದಲ್ಲಿ ಇಬ್ಬರಿಗೆ ಒಂದೇ ಮದ್ದಿನ ಬಾಟಲಿ ಹಿಡಿಸಬೇಕಾಯಿತು. ಒಬ್ಬರಿಗೆ ಕಣ್ಣಿಗಾಗಿ, ಒಬ್ಬನಿಗೆ ತಲೆಗಾಗಿ. ಇಷ್ಟು ಬೇರೆ ಬೇರೆ ಕಾಯಿಲೆಗಳಿಗೆ ಒಂದೇ ಮದ್ದು ಹೇಗೆ ಎಂಬ ಕುತೂಹಲದಿಂದ ಕೇಳುತ್ತ, ಓದುತ್ತ ಹೋದೆ. ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ.

2017ರ ಜುಲೈ ತಿಂಗಳು. ಚಿಕ್ಕಪ್ಪನ ಮಗ ಅಡಿಕೆ ಮರಕ್ಕೆ ಬೋರ್ಡೋ ದ್ರಾವಣ ಬಿಡಲು ಹತ್ತಿದವನು ಕೆಳಗೆ ಬಿದ್ದ. ತಲೆಗೆ ಪೆಟ್ಟಾಗಿತ್ತು. ಸ್ವಲ್ಪ ಹೊತ್ತು ಮಂಕಾಗಿದ್ದವನು ಎದ್ದು ಕುಳಿತು, ನೀರು ಕುಡಿದು, ಏನೂ ಆಗಿಲ್ಲ ಎಂದ. ಒಂದು ತಾಸು ಕಳೆಯುವಷ್ಟರಲ್ಲಿ ತಲೆನೋವು ಎಂದ, ವಾಂತಿ ಮಾಡಿದ, ಮಾತು ತೊದಲತೊಡಗಿತು. ಕಾಸರಗೋಡಿನ ಒಂದು ಆಸ್ಪತ್ರೆಗೆ ಒಯ್ದೆವು. ಸ್ಕ್ಯಾನ್ ಮಾಡಿದರು. ತಲೆಬುರುಡೆಗೂ ಮಿದುಳಿನ ಹೊರಪದರಕ್ಕೂ ನಡುವೆ ರಕ್ತ ತುಂಬಿದೆ, ಕೂಡಲೇ ಮಂಗಳೂರಿಗೆ ಒಯ್ದು ಶಸ್ತ್ರಚಿಕಿತ್ಸೆ ಮಾಡಿಸಬೇಕು ಎಂದರು. ಅಷ್ಟರಲ್ಲಿ ಅವನ ಒಂದು ಕಣ್ಣಿನ ಪಾಪೆ ಹಿಗ್ಗತೊಡಗಿತ್ತು. ಮೂತ್ರಕ್ಕೆ ನಳಿಕೆ ಹಾಕಿ, ಕೈಯ ನರಕ್ಕೆ ಮ್ಯಾನಿಟಾಲ್ ಎಂಬ ಮದ್ದಿನ ಬಾಟಲಿಗಳನ್ನು ಒಂದರ ಹಿಂದೆ ಒಂದು ಬೇಗ ಬೇಗನೆ ಹರಿಯಬಿಟ್ಟರು. ಸ್ಟ್ರೆಚರನ್ನು ಆಂಬುಲೆನ್ಸಿಗೆ ತಳ್ಳುವಾಗ ನರ್ಸು ನನ್ನೊಡನೆ ಮಲಯಾಳದಲ್ಲಿ ಹೇಳಿದ್ದು ಇವತ್ತಿಗೂ ನೆನಪಿದೆ: ‘ಇದಿನ್ಡೆ ಫಲಂ ತೀರುಂಬೋಳೇಕ್ಕ್ ಮಂಗಲಾಪುರತ್ತ್ ಎತ್ತಣಂ.’ ಇದರ ಗುಣ ಮುಗಿಯುವುದರೊಳಗೆ ಮಂಗಳೂರು ಮುಟ್ಟಬೇಕು.

ಮದ್ದಿಗೆ ಅವಧಿಯುಂಟು ಎಂಬ ಆ ಮಾತು ನನ್ನ ಕಸುಬಿನವನಿಗೆ ಬೇಗ ಅರ್ಥವಾಗುವಂಥದು. ಕುಂಬಳೆ, ಉಪ್ಪಳ, ಮಂಜೇಶ್ವರ, ತಲಪಾಡಿ ಎಂದು ಊರುಗಳನ್ನು ಎಣಿಸುತ್ತ, ಹೊಂಡಬಿದ್ದ ಹೆದ್ದಾರಿಯಲ್ಲಿ, ಸುರಿಯುವ ಮಳೆಯಲ್ಲಿ ಐವತ್ತು ಕಿಲೋಮೀಟರು ಹೋದೆವು.

ಆ ಹೊತ್ತಿನಲ್ಲಿ ಅವನ ತಲೆಯೊಳಗೆ ನಡೆಯುತ್ತಿದ್ದುದೇನು ಎಂಬುದನ್ನು ಈಗ ಹೇಳಬಲ್ಲೆ. ಮಿದುಳಿಗೆ ಮಲಯಾಳದಲ್ಲಿ ‘ತಲಚ್ಚೋರ್’ ಎನ್ನುತ್ತಾರೆ; ಅಕ್ಷರಶಃ ತಲೆಯ ಅನ್ನ. ಬೆಂದ ಅನ್ನದಷ್ಟು ಮೆತ್ತಗಿನ ಈ ವಸ್ತುವನ್ನು ಪ್ರಕೃತಿ ಮುಚ್ಚಳ ತೆಗೆಯಲಾಗದ ಒಂದು ಪಾತ್ರೆಯಲ್ಲಿಟ್ಟಿದೆ. ದೊಡ್ಡವರಾದ ಮೇಲೆ ತಲೆಬುರುಡೆ ಹಿಗ್ಗುವುದಿಲ್ಲ. ಅದರೊಳಗಿನ ಜಾಗದಲ್ಲಿ ಹೆಚ್ಚುಕಡಿಮೆ ನೂರಕ್ಕೆ 80 ಪಾಲು ಮಿದುಳು, 10 ಪಾಲು ರಕ್ತ, ಉಳಿದ 10 ಪಾಲು ಮಿದುಳು-ಬಳ್ಳಿಯ ದ್ರವ. 1783ರಲ್ಲಿ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಮನ್ರೋ ಎಂಬ ವೈದ್ಯನೂ 1824ರಲ್ಲಿ ಅವನ ಶಿಷ್ಯ ಜಾರ್ಜ್ ಕೆಲ್ಲಿಯೂ ಹೇಳಿದ ಮಾತೊಂದು ಇಂದಿಗೂ ವೈದ್ಯರ ಪಾಠದಲ್ಲಿದೆ. ಈ ಮೂರರಲ್ಲಿ ಒಂದು ಹೆಚ್ಚಿದರೆ ಇನ್ನೊಂದು ಕಡಿಮೆಯಾಗಲೇಬೇಕು. ಇಲ್ಲವಾದರೆ ಒತ್ತಡ ಏರುತ್ತದೆ. ಸಾಮಾನ್ಯವಾಗಿ ಈ ಒತ್ತಡ ಪಾದರಸದ ಲೆಕ್ಕದಲ್ಲಿ 15 ಮಿಲಿಮೀಟರನ್ನು ಮೀರುವುದಿಲ್ಲ. 22ನ್ನು ದಾಟಿದರೆ ಚಿಕಿತ್ಸೆ ಬೇಕು ಎಂದು 2016ರ ಅಮೆರಿಕದ ಮಾರ್ಗದರ್ಶಿ ಸೂತ್ರಗಳು ಹೇಳಿದವು. ಮೊದಮೊದಲು ದೇಹ ತಾನೇ ಸರಿದೂಗಿಸುತ್ತದೆ: ಒಂದಿಷ್ಟು ದ್ರವ ಬೆನ್ನುಹುರಿಯ ಕಡೆಗೆ ಇಳಿಯುತ್ತದೆ, ಒಂದಿಷ್ಟು ರಕ್ತ ಹೊರಗೆ ಸರಿಯುತ್ತದೆ. ಬಿದ್ದವನು ಎದ್ದು ಕುಳಿತು ಏನೂ ಆಗಿಲ್ಲ ಎನ್ನುವುದು ಈ ಹೊತ್ತಿನಲ್ಲಿ. ಬಿಟ್ಟುಕೊಡುವಷ್ಟು ಬಿಟ್ಟುಕೊಟ್ಟು ಮುಗಿದ ಮೇಲೆ ಒಂದೊಂದು ಚಮಚ ರಕ್ತಕ್ಕೂ ಒತ್ತಡ ದಿಢೀರನೆ ಏರುತ್ತದೆ. ಮಿದುಳಿಗೆ ರಕ್ತ ನುಗ್ಗಲಾರದು. ಮಿದುಳು ತಾನೇ ಸಂದಿಯಲ್ಲಿ ಕೆಳಕ್ಕೆ ಜರಗುತ್ತದೆ. ಪಾಪೆ ಹಿಗ್ಗುವುದು ಆ ಜರಗುವಿಕೆಯ ಗುರುತು.

ಮ್ಯಾನಿಟಾಲ್ ಎಂದರೆ ಒಂದು ಬಗೆಯ ಸಕ್ಕರೆ ಮದ್ಯಸಾರ. ಹೆಸರಿಗೆ ಮದ್ಯಸಾರವಾದರೂ ಅಮಲಿಲ್ಲ. ಸಿಹಿಯಾದ ಬಿಳಿ ಹರಳು. ಸಿಸಿಲಿಯಲ್ಲಿ ಒಂದು ಜಾತಿಯ ಆ್ಯಶ್ ಮರದ ತೊಗಟೆ ಕಚ್ಚಿದರೆ ಒಸರುವ, ಮನ್ನಾ ಎನ್ನುವ ರಸದಿಂದ ಇದಕ್ಕೆ ಆ ಹೆಸರು. 1806ರಲ್ಲಿ ಪ್ರೂಸ್ಟ್ ಎಂಬ ಫ್ರೆಂಚ್ ರಸಾಯನ ವಿಜ್ಞಾನಿ ಅದನ್ನು ಬೇರ್ಪಡಿಸಿದ. ಆಸ್ಪತ್ರೆಯ 100 ಮಿಲಿಲೀಟರ್ ಬಾಟಲಿಯಲ್ಲಿ 20 ಗ್ರಾಂ ಮ್ಯಾನಿಟಾಲ್ ಕರಗಿರುತ್ತದೆ. ನೀರೆಳೆಯುವ ಶಕ್ತಿಯ ಲೆಕ್ಕ ಹಿಡಿದರೆ ಅದು ನಮ್ಮ ರಕ್ತದ ಮೂರೂ ಮುಕ್ಕಾಲು ಪಟ್ಟು. ಚಳಿಗೆ ಬಾಟಲಿಯೊಳಗೆ ಹರಳು ಕಟ್ಟುವಷ್ಟು ಗಟ್ಟಿ ದ್ರಾವಣ. ಹಾಗಾದಾಗ ಬಿಸಿನೀರಿನಲ್ಲಿಟ್ಟು ಕರಗಿಸಿ, ದೇಹದ ಬಿಸಿಗೆ ಆರಿಸಿ ಕೊಡುತ್ತಾರೆ. ತಲೆಯ ಒತ್ತಡಕ್ಕೆ ದೇಹದ ತೂಕದ ಒಂದೊಂದು ಕಿಲೋಗೆ ಕಾಲು ಗ್ರಾಮಿನಿಂದ ಒಂದು ಗ್ರಾಮಿನವರೆಗೆ ಕೊಡುವುದುಂಟು. ಅರುವತ್ತು ಕಿಲೋ ತೂಗುವವನಿಗೆ ಹೆಚ್ಚೆಂದರೆ ಮೂರು ಬಾಟಲಿ.

ಇದು ರಕ್ತದಲ್ಲಿ ಬೆರೆತು ಮಿದುಳಿನ ಬಾಗಿಲಿಗೆ ಬರುತ್ತದೆ. ಆದರೆ ಒಳಗೆ ಹೋಗಲಾರದು. ಮಿದುಳಿನ ರಕ್ತನಾಳಗಳ ಗೋಡೆಯ ಕೋಶಗಳು ಒಂದಕ್ಕೊಂದು ಬಿಗಿಯಾಗಿ ಹೊಲಿದ ಹಾಗಿವೆ. 1885ರಲ್ಲಿ ಪಾಲ್ ಎರ್ಲಿಕ್ ಎಂಬ ಜರ್ಮನ್ ವಿಜ್ಞಾನಿ ಪ್ರಾಣಿಗಳ ರಕ್ತಕ್ಕೆ ಬಣ್ಣ ಹಾಕಿದಾಗ ಉಳಿದ ಅಂಗಗಳೆಲ್ಲ ಬಣ್ಣ ಹಿಡಿದರೂ ಮಿದುಳು ಬೆಳ್ಳಗೇ ಉಳಿದದ್ದು ಇದೇ ಕಾರಣದಿಂದ. ನೀರಿಗೆ ಮಾತ್ರ ಈ ಗೋಡೆ ತಡೆಯಲ್ಲ. ಹೀಗಾಗಿ ಗೋಡೆಯ ಈಚೆ ನಿಂತ ಮ್ಯಾನಿಟಾಲ್ ಆಚೆಯ ನೀರನ್ನು ಎಳೆದುಕೊಳ್ಳುತ್ತದೆ. ಸೊಳೆಗೂ ಉಪ್ಪಿಗೂ ನಡೆದ ವ್ಯವಹಾರವೇ ಇದು. ಜೊತೆಗೆ ರಕ್ತ ತೆಳುವಾಗಿ ಸರಾಗವಾಗಿ ಹರಿಯುವುದರಿಂದ, ಮಿದುಳಿನ ಸಣ್ಣ ನಾಳಗಳು ತುಸು ಬಿಗಿದುಕೊಂಡರೂ ಸಾಕಾಗುತ್ತದೆ. ಅದರಿಂದಲೂ ಸ್ವಲ್ಪ ಜಾಗ ಬಿಡುವಾಗುತ್ತದೆ. ಅರ್ಧ ಗಂಟೆಯೊಳಗೆ ಒತ್ತಡ ಇಳಿಯತೊಡಗುತ್ತದೆ. ಗುಣ ಕೆಲವು ಗಂಟೆ ನಿಲ್ಲುತ್ತದೆ.

ಆಂಬುಲೆನ್ಸಿನಲ್ಲಿ ಚಿಕ್ಕಪ್ಪ ಮಗನ ಮುಖ ನೋಡುವ ಧೈರ್ಯವಿಲ್ಲದೆ ಮೂತ್ರದ ಚೀಲವನ್ನೇ ನೋಡುತ್ತಿದ್ದರು. ಚೀಲ ತುಂಬುತ್ತಿತ್ತು. ‘ತಲೆಯ ನೀರು ಇಳಿಯುತ್ತಾ ಉಂಟು’ ಎಂದು ಅವರು ಎರಡು ಮೂರು ಸಲ ಹೇಳಿದರು. ಅವರಿಗೆ ಅದೊಂದೇ ಸಮಾಧಾನ. ಈ ಬಗೆಯ ಮದ್ದುಗಳಿಗೆ ಮೂತ್ರವರ್ಧಕ ಎಂದು ಹೆಸರಿರುವುದರಿಂದ ಓದಿದವರೂ ಹೀಗೆಯೇ ಭಾವಿಸುವುದುಂಟು. ಆದರೆ ತಲೆಯಿಂದ ಚೀಲಕ್ಕೆ ನೇರ ಕಾಲುವೆಯಿಲ್ಲ. ಮಿದುಳಿನ ನೀರು ರಕ್ತಕ್ಕೆ ಬಂದಾಗಲೇ ತಲೆಗೆ ಬಿಡುವು ಸಿಕ್ಕಿತು. ಮೂತ್ರ ಅದರ ನಂತರದ ಕಥೆ. ಮ್ಯಾನಿಟಾಲನ್ನು ದೇಹ ಅರಗಿಸಿಕೊಳ್ಳುವುದಿಲ್ಲ. ಮೂತ್ರಪಿಂಡ ಅದನ್ನು ಸೋಸಿದ ಮೇಲೆ ಮರಳಿ ಒಳಗೆ ತೆಗೆದುಕೊಳ್ಳುವುದೂ ಇಲ್ಲದಂತೆಯೇ. ಹೋಗುವಾಗ ಅದು ತನ್ನೊಡನೆ ನೀರನ್ನು ಒಯ್ಯುತ್ತದೆ, ಅಷ್ಟೆ. ಕೊಟ್ಟದ್ದರಲ್ಲಿ ನೂರಕ್ಕೆ 80ರಷ್ಟು ಮೂರು ಗಂಟೆಯಲ್ಲಿ ಹೊರಗೆ ಬಂದಿರುತ್ತದೆ. ಆ ಮಾತನ್ನು ಆಗ ಚಿಕ್ಕಪ್ಪನಿಗೆ ಹೇಳುವ ತಿಳಿವಳಿಕೆ ನನಗಿರಲಿಲ್ಲ, ಇದ್ದಿದ್ದರೂ ಹೇಳುತ್ತಿರಲಿಲ್ಲ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಇನ್ನೊಂದು ಸಂಗತಿ. ಪೆಟ್ಟು ಬಿದ್ದ ಜಾಗದಲ್ಲಿ ಆ ಬಿಗಿಯಾದ ಗೋಡೆ ಒಡೆದಿರುತ್ತದೆ. ಗೋಡೆಯಿಲ್ಲದ ಕಡೆ ಎಳೆತವಿಲ್ಲ. ಆದ್ದರಿಂದ ಮ್ಯಾನಿಟಾಲ್ ನೀರೆಳೆಯುವುದು ಹೆಚ್ಚಾಗಿ ಗೋಡೆ ಗಟ್ಟಿಯಿರುವ ಭಾಗದಿಂದ, ಅಂದರೆ ಮಿದುಳಿನ ಆರೋಗ್ಯವಂತ ಭಾಗದಿಂದ. ಊದಿಕೊಂಡಿರುವ ಗಾಯದ ಭಾಗ ಊದಿಕೊಂಡೇ ಇರುತ್ತದೆ. ಚೆನ್ನಾಗಿರುವ ಭಾಗ ತಾನು ಕುಗ್ಗಿ ಅದಕ್ಕೆ ಜಾಗ ಬಿಟ್ಟುಕೊಡುತ್ತದೆ. ಒಂದೇ ತಲೆಬುರುಡೆಯೊಳಗೆ ಬದುಕಬೇಕಾದವರ ನಡುವೆ ಇದಕ್ಕಿಂತ ಬೇರೆ ದಾರಿಯಿಲ್ಲ.

ಈ ಉಪಾಯದ ಮೊದಲ ಸುಳಿವು ಸಿಕ್ಕಿದ್ದು ಬೆಕ್ಕುಗಳಲ್ಲಿ. 1919ರಲ್ಲಿ ಅಮೆರಿಕದಲ್ಲಿ ವೀಡ್ ಮತ್ತು ಮೆಕ್‌ಕಿಬ್ಬೆನ್ ಎಂಬ ಇಬ್ಬರು ಬೆಕ್ಕುಗಳ ರಕ್ತನಾಳಕ್ಕೆ ಗಟ್ಟಿ ಉಪ್ಪುನೀರು ಕೊಟ್ಟಾಗ ಮಿದುಳು ಕುಗ್ಗುವುದನ್ನೂ, ಬರೀ ನೀರು ಕೊಟ್ಟಾಗ ಊದುವುದನ್ನೂ ಕಂಡರು. ಮುಂದೆ 1950ರ ದಶಕದಲ್ಲಿ ಯೂರಿಯ ಬಳಕೆಗೆ ಬಂತು. ನಾವು ತೋಟಕ್ಕೆ ಹಾಕುವ ಯೂರಿಯವೇ, ಆದರೆ ಶುದ್ಧಮಾಡಿದ್ದು. ಅದು ನಿಧಾನವಾಗಿ ಗೋಡೆಯನ್ನು ದಾಟಿ ಮಿದುಳಿನೊಳಗೆ ಸೇರುವುದರಿಂದ, ಗುಣ ಮುಗಿದಾಗ ನೀರು ಹಿಂದಕ್ಕೆ ನುಗ್ಗಿ ಒತ್ತಡ ಮತ್ತೆ ಏರುತ್ತಿತ್ತು. 1960ರ ದಶಕದ ಆರಂಭದಲ್ಲಿ ವೈಸ್ ಮತ್ತು ಚೇಟರ್ ಎಂಬ ವೈದ್ಯರು ಮ್ಯಾನಿಟಾಲ್ ಮೇಲೆಂದು ತೋರಿಸಿದರು. ಅಂದಿನಿಂದ ಅದು ನೆಲೆನಿಂತಿತು. ಈಚಿನ ದಶಕಗಳಲ್ಲಿ ಗಟ್ಟಿ ಉಪ್ಪುನೀರು ಮತ್ತೆ ಬಂದಿದೆ. ಅನೇಕ ಆಸ್ಪತ್ರೆಗಳಲ್ಲಿ ನೂರಕ್ಕೆ 3ರ ಉಪ್ಪುನೀರು ಮ್ಯಾನಿಟಾಲಿನ ಪಕ್ಕದಲ್ಲೇ ಇರುತ್ತದೆ.

ಇನ್ನು ಕಣ್ಣಿನ ವಿಚಾರ. ಇದು 2009ರಲ್ಲಿ ನಡೆದದ್ದು. ದೊಡ್ಡಮ್ಮನಿಗೆ ಆಗ ಅರುವತ್ತು ದಾಟಿತ್ತು. ಕರೆಂಟು ಹೋದ ಒಂದು ಸಂಜೆ ಮಂದ ಬೆಳಕಿನಲ್ಲಿ ಬಹಳ ಹೊತ್ತು ಕೂತಿದ್ದವರಿಗೆ ಎಡಗಣ್ಣು ಸಿಡಿಯತೊಡಗಿತು. ದೀಪದ ಸುತ್ತ ಕಾಮನಬಿಲ್ಲು ಕಾಣುತ್ತದೆ ಎಂದರು. ತಲೆನೋವು, ವಾಂತಿ. ಪಿತ್ತವೆಂದು ಶುಂಠಿ ಕಷಾಯವಾಯಿತು, ಜೀರಿಗೆ ಕಷಾಯವಾಯಿತು. ಬೆಳಗ್ಗೆ ನೋಡಿದರೆ ಕಣ್ಣು ಕೆಂಡದಂತಿತ್ತು. ಎದುರು ನಿಂತವರ ಮುಖ ಆ ಕಣ್ಣಿಗೆ ಕಾಣುತ್ತಿರಲಿಲ್ಲ. ಕಣ್ಣಿನ ವೈದ್ಯರು ಒತ್ತಡ ಅಳೆದರು: 58. ಇರಬೇಕಾದದ್ದು 10ರಿಂದ 21ರ ಒಳಗೆ.

ಕಣ್ಣಿನೊಳಗೆ ಒಂದು ತೆಳ್ಳನೆಯ ನೀರು ನಿಮಿಷಕ್ಕೆ ಒಂದು ಮಿಲಿಲೀಟರಿನ ಸಾವಿರದಲ್ಲಿ ಎರಡು ಮೂರು ಪಾಲಿನಷ್ಟು ಉತ್ಪತ್ತಿಯಾಗುತ್ತ, ಮುಂಭಾಗದ ಅಂಚಿನ ಸಣ್ಣ ಮೂಲೆಯಿಂದ ಹೊರಹೋಗುತ್ತ ಇರುತ್ತದೆ. ಕೆಲವರ ಕಣ್ಣಿನಲ್ಲಿ ಆ ಮೂಲೆ ಹುಟ್ಟಿನಿಂದಲೇ ಇಕ್ಕಟ್ಟು. ವಯಸ್ಸಾಗಿ ಕಣ್ಣಿನ ಮಸೂರ ದಪ್ಪವಾದಂತೆ ಇನ್ನೂ ಇಕ್ಕಟ್ಟು. ಮಂದ ಬೆಳಕಿನಲ್ಲಿ ಪಾಪೆ ಅರೆ ಹಿಗ್ಗಿದಾಗ ಅದರ ಸುತ್ತಲಿನ ಪರದೆ ಮುಂದಕ್ಕೆ ಬಾಗಿ ಮೂಲೆಯನ್ನು ಮುಚ್ಚಿಬಿಡುತ್ತದೆ. ನೀರು ಹುಟ್ಟುವುದು ನಿಲ್ಲುವುದಿಲ್ಲ, ಹೋಗಲು ದಾರಿಯಿಲ್ಲ. ಗ್ಲಾಕೋಮಾದ ಹಲವು ಬಗೆಗಳಲ್ಲಿ ಇದು ಅತ್ಯಂತ ಅವಸರದ್ದು. ಗಂಟೆಗಳ ಲೆಕ್ಕದಲ್ಲಿ ದೃಷ್ಟಿನರ ಸಾಯುತ್ತದೆ. ಸತ್ತ ನರ ಮರಳಿ ಚಿಗುರುವುದಿಲ್ಲ.

ಹನಿಮದ್ದು, ಮಾತ್ರೆಗಳಿಂದ ಬೇಕಾದಷ್ಟು ಇಳಿಯದಿದ್ದಾಗ ನೀರೆಳೆಯುವ ಮದ್ದು ಬರುತ್ತದೆ. ಗ್ಲಿಸರಿನನ್ನು ನಿಂಬೆರಸದೊಡನೆ ಕುಡಿಸುವ ಕ್ರಮವೂ ಉಂಟು. ಆದರೆ ಗ್ಲಿಸರಿನ್ ದೇಹದಲ್ಲಿ ಸಕ್ಕರೆಯಾಗುತ್ತದೆ, ದೊಡ್ಡಮ್ಮನಿಗೆ ಸಕ್ಕರೆ ಕಾಯಿಲೆ. ಅಲ್ಲದೆ ವಾಂತಿಯೂ ನಿಂತಿರಲಿಲ್ಲ. ಹಾಗಾಗಿ ಮ್ಯಾನಿಟಾಲ್ ಬಾಟಲಿ ಬಂತು. ಇಲ್ಲಿ ಎಳೆಯಲ್ಪಡುವ ನೀರು ಹೆಚ್ಚಾಗಿ ಕಣ್ಣಿನ ಹಿಂಭಾಗದ ಲೋಳೆಯದು. ಒಂದು ಕಣ್ಣಿನಲ್ಲಿ ಅದು ಸುಮಾರು 4 ಮಿಲಿಲೀಟರ್, ಬಹುತೇಕ ನೀರೇ. ಅದರಿಂದ ತುಸು ನೀರು ರಕ್ತಕ್ಕೆ ಸರಿದರೆ ಲೋಳೆ ಕುಗ್ಗಿ, ಮಸೂರವೂ ಪರದೆಯೂ ಹಿಂದಕ್ಕೆ ಸರಿಯುತ್ತವೆ, ಮುಂದಿನ ಮೂಲೆ ತೆರೆಯುತ್ತದೆ. ಎರಡು ಗಂಟೆಯ ಮೇಲೆ ಅಳೆದಾಗ ದೊಡ್ಡಮ್ಮನ ಒತ್ತಡ ಅರ್ಧಕ್ಕೆ ಇಳಿದಿತ್ತು. ಮರುದಿನ ಕಣ್ಣಿನ ಪರದೆಯಲ್ಲಿ ಲೇಸರಿನಿಂದ ಸೂಜಿಮೊನೆಯಷ್ಟು ತೂತು ಮಾಡಿ ನೀರಿಗೆ ಬೇರೆ ದಾರಿ ಕೊಟ್ಟರು. ನೋವಿಲ್ಲದ ಬಲಗಣ್ಣಿಗೂ ಮುಂಜಾಗ್ರತೆಯಾಗಿ ಹಾಗೆಯೇ ಮಾಡಿದರು. ಒಂದು ಕಣ್ಣಿಗೆ ಬಂದದ್ದು ಇನ್ನೊಂದಕ್ಕೂ ಬರುವ ಸಂಭವ ಹೆಚ್ಚು. ಎಡಗಣ್ಣು ಉಳಿಯಿತು, ಪೂರ್ತಿಯಾಗಿ ಅಲ್ಲ. ರಾತ್ರಿಯ ಕೆಲವು ಗಂಟೆಗಳು ತೆಗೆದುಕೊಂಡ ಪಾಲು ಹಿಂದಿರುಗಲಿಲ್ಲ. ಎಡಬದಿಯಿಂದ ಬಂದವರನ್ನು ದೊಡ್ಡಮ್ಮ ಸ್ವರದಿಂದಲೇ ಗುರುತಿಸುತ್ತಾರೆ.

ಮಲಯಾಳದಲ್ಲಿ ಒತ್ತಡಕ್ಕೆ ‘ಸಮ್ಮರ್ದಂ’ ಎನ್ನುತ್ತಾರೆ. ನಾವು ಇದನ್ನು ತೂಕದ ಹಾಗೆ, ಒಂದೇ ಸಲ ತೆಗೆದಿಡಬಹುದಾದ ಹೊರೆಯ ಹಾಗೆ ಕಲ್ಪಿಸಿಕೊಳ್ಳುತ್ತೇವೆ. ಮದ್ದು ಕೊಟ್ಟರು, ಒತ್ತಡ ಇಳಿಯಿತು, ಸರಿಹೋಯಿತು ಎಂದು ಮನೆಯವರು ನಿಟ್ಟುಸಿರು ಬಿಡುತ್ತಾರೆ. ಈ ಮದ್ದು ಹಾಗಲ್ಲ. ತಲೆಯಲ್ಲಿ ತುಂಬಿದ ರಕ್ತವನ್ನು ಅದು ತೆಗೆಯುವುದಿಲ್ಲ, ಕಣ್ಣಿನ ಇಕ್ಕಟ್ಟು ಮೂಲೆಯನ್ನು ಅಗಲ ಮಾಡುವುದಿಲ್ಲ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಸಾಲ ತೀರಲಿಲ್ಲ, ಗಡುವು ಮುಂದೆ ಹೋಯಿತು. ಗಡುವನ್ನು ಮತ್ತೆ ಮತ್ತೆ ಮುಂದೆ ಹಾಕಲೂ ಆಗದು. ಪದೇ ಪದೇ ಕೊಟ್ಟರೆ ಮ್ಯಾನಿಟಾಲ್ ಕೂಡ ಒಡೆದ ಗೋಡೆಯ ಸಂದಿಯಿಂದ ನುಸುಳಿ ಒಳಗೆ ಸೇರಬಹುದು; ಆಗ ಎಳೆತದ ದಿಕ್ಕು ತಿರುಗುತ್ತದೆ. ಮೊದಲಿಗೆ ರಕ್ತದ ಪ್ರಮಾಣ ಏರುವುದರಿಂದ ಸೋತ ಹೃದಯ ತಡೆಯಲಾರದು. ಆಮೇಲೆ ನೀರೂ ಲವಣಗಳೂ ಹೊರಹೋಗಿ ದೇಹ ಒಣಗಬಹುದು. ಮೂತ್ರಪಿಂಡ ನಿಂತವರಿಗೆ ಇದು ಸಲ್ಲದು. ಎಳೆದು ತಂದ ನೀರಿಗೆ ಹೋಗಲು ದಾರಿ ಬೇಕಲ್ಲ. ಮೂತ್ರ ಹೋಗುತ್ತಿದೆಯೇ ಎಂದು ಅವರು ಮತ್ತೆ ಮತ್ತೆ ಕೇಳುವುದು, ರಕ್ತವನ್ನು ಮತ್ತೆ ಮತ್ತೆ ಪರೀಕ್ಷಿಸುವುದು ಇದಕ್ಕಾಗಿ.

ಹಾಗಾದರೆ ಈ ಮದ್ದು ಕೊಡುವುದು ಕಾಲವನ್ನು ಮಾತ್ರ, ಮೂರೋ ನಾಲ್ಕೋ ಗಂಟೆ. ಆ ಗಂಟೆಗಳ ಬೆಲೆ ಏನೆಂಬುದು ದಾರಿಯ ಕೊನೆಯಲ್ಲಿ ಏನಿದೆ ಎಂಬುದರ ಮೇಲೆ ನಿಂತಿದೆ. ತಮ್ಮನಿಗೆ ಮಂಗಳೂರಿನಲ್ಲಿ ಬಾಗಿಲು ತೆರೆದಿತ್ತು, ಶಸ್ತ್ರಚಿಕಿತ್ಸೆಯ ವೈದ್ಯರು ಕಾದಿದ್ದರು. ಅದೇ ರಾತ್ರಿ ಬುರುಡೆ ತೆರೆದು ರಕ್ತ ತೆಗೆದರು. ಒಂಬತ್ತನೆಯ ದಿನ ಅವನು ಗಂಜಿ ಸಪ್ಪೆ ಎಂದು ತಾಯಿಯೊಡನೆ ಜಗಳವಾಡಿದ.

ಮೂರು ವರ್ಷ ಕಳೆಯುವುದರೊಳಗೆ ಆ ದಾರಿ ಮುಚ್ಚಿತು. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಭಯದಿಂದ ಕರ್ನಾಟಕ ತಲಪಾಡಿಯಲ್ಲಿ ಗಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣಿನ ದಿಬ್ಬ ಬಿತ್ತು. ಮಂಗಳೂರಿನ ಆಸ್ಪತ್ರೆಗಳಿಗೆ ಹೋಗಲಾರದೆ ಕಾಸರಗೋಡಿನ ಕಡೆಯ ಹಲವು ರೋಗಿಗಳು ತೀರಿಕೊಂಡ ಸುದ್ದಿ ದಿನವೂ ಪತ್ರಿಕೆಗಳಲ್ಲಿ ಬರುತ್ತಿತ್ತು. ಏಪ್ರಿಲ್ 1ರಂದು ಕೇರಳ ಹೈಕೋರ್ಟು ರೋಗಿಗಳಿಗೆ ದಾರಿ ತೆರೆಯಬೇಕೆಂದು ಹೇಳಿತು. ಏಪ್ರಿಲ್ 7ರಂದು, ರೋಗಿಗಳನ್ನು ದಾಟಿಸುವ ಬಗ್ಗೆ ಎರಡು ರಾಜ್ಯಗಳ ನಡುವೆ ಒಪ್ಪಂದವಾಗಿದೆ ಎಂದು ಸುಪ್ರೀಂ ಕೋರ್ಟಿಗೆ ತಿಳಿಸಿದ ಮೇಲೆ ಪ್ರಕರಣ ಮುಗಿಯಿತು. ಆಚೆಯವರ ಭಯವೂ ಸುಳ್ಳಾಗಿರಲಿಲ್ಲ. ಆ ದಿನಗಳಲ್ಲಿ ಕೇರಳದಲ್ಲೇ ನಮ್ಮ ಜಿಲ್ಲೆಯಲ್ಲಿ ಸೋಂಕು ಹೆಚ್ಚಿತ್ತು. ಆದರೆ ಒಂದೇ ಬುರುಡೆಯೊಳಗೆ ಗಟ್ಟಿಯಾದ ಭಾಗ ತುಸು ಸರಿದುಕೊಟ್ಟರೆ ಮಾತ್ರ ಗಾಯದ ಭಾಗ ಉಳಿಯುತ್ತದೆ ಎಂಬುದನ್ನು ಕಣ್ಣಾರೆ ಕಂಡ ನನಗೆ ಆ ಮಣ್ಣಿನ ದಿಬ್ಬದ ಚಿತ್ರವನ್ನು ಪತ್ರಿಕೆಯಲ್ಲಿ ನೋಡುವುದು ಕಷ್ಟವಾಗುತ್ತಿತ್ತು. ನಾವು ಭಾಷೆಯ ಸಂಬಂಧವನ್ನೂ ಮದುವೆಯ ಸಂಬಂಧವನ್ನೂ ಗಡಿಯಾಚೆ ಇಟ್ಟುಕೊಂಡವರು. ಆಸ್ಪತ್ರೆಯ ಸಂಬಂಧವನ್ನೂ ಅಲ್ಲೇ ಇಟ್ಟುಕೊಂಡಿದ್ದೆವೆಂದು ಆ ವಾರಗಳಲ್ಲಿ ಸ್ಪಷ್ಟವಾಯಿತು. ಅದೇ ಏಪ್ರಿಲಿನಲ್ಲಿ, 2013ರಲ್ಲಿ ಅಡಿಗಲ್ಲು ಹಾಕಿದ್ದ ಉಕ್ಕಿನಡ್ಕದ ಮೆಡಿಕಲ್ ಕಾಲೇಜಿನ ಕಟ್ಟಡವನ್ನು ಅವಸರದಲ್ಲಿ ಕೊರೊನಾ ಆಸ್ಪತ್ರೆಯಾಗಿ ತೆರೆದರು.

ಬಿದ್ದವನು ಎದ್ದು ಮಾತಾಡಿದನೆಂದು ಮಲಗಿಸಿಬಿಡಬಾರದು. ಮತ್ತೆ ಮಂಪರು, ವಾಂತಿ ಬಂದರೆ ಕಾಯಬಾರದು. ಕಣ್ಣು ಕೆಂಪಾಗಿ, ತಲೆ ಸಿಡಿದು, ದೀಪದ ಸುತ್ತ ಬಣ್ಣ ಕಂಡರೆ ಅದನ್ನು ಪಿತ್ತವೆಂದು ಬಿಡದೆ ಆ ರಾತ್ರಿಯೇ ಕಣ್ಣಿನ ವೈದ್ಯರಲ್ಲಿಗೆ ಒಯ್ಯಬೇಕು. ಇಷ್ಟು ಮಾತ್ರ ನಮ್ಮಂಥವರ ಕೈಯಲ್ಲಿರುವುದು. ಉಳಿದ ಕೆಲಸ ದಾರಿಯದು, ದಾರಿಯ ಕೊನೆಯಲ್ಲಿರುವವರದು.

ತಮ್ಮ ಈಗ ಮರ ಹತ್ತುವುದಿಲ್ಲ. ನೆಲದಲ್ಲೇ ನಿಂತು ಕಾರ್ಬನ್ ಫೈಬರಿನ ಉದ್ದದ ದೋಟಿಯಿಂದ ಮದ್ದು ಬಿಡುವುದನ್ನು ಕಲಿತಿದ್ದಾನೆ. ಮಳೆ ಬಿಡುವು ಕೊಟ್ಟ ದಿನ ತೋಟದಲ್ಲಿ ಅವನ ಸ್ವರ ಕೇಳುತ್ತದೆ, ‘ಅಣ್ಣ, ದೋಟಿ ಹಿಡಿಯಲು ಒಬ್ಬ ಬೇಕಿತ್ತು.’ ಬ್ಯಾಂಕಿಗೆ ರಜೆಯಿದ್ದರೆ ನಾನು ಹೋಗುತ್ತೇನೆ.